ಇಳಿಯೋದು ನನ್ನ ಜಾಯಮಾನವಲ್ಲ: ಗೈಡೆನ್ಸ್ ವ್ಯಾಲ್ಯೂ ಸಂದರ್ಶನ

2025ರ ಆಗಸ್ಟ್ 31ರಂದು ಕರ್ನಾಟಕದಲ್ಲಿ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಜಿಗಿದಾಗ ಬೈದವರಲ್ಲಿ ಈ ಅಂಕಣದ ಓದುಗರೇ ಹೆಚ್ಚು. ಈಗಿನ ತಲೆನೋವು ಬೇರೆ. ನಾನು ಕಣ್ಣಿಟ್ಟಿರುವ, ಟ್ಯಾಂಕರ್ ನೀರನ್ನೇ ನಂಬಿಕೊಂಡ ಹಳೇ ಅಪಾರ್ಟ್‌ಮೆಂಟಿನಲ್ಲಿ ರೇಟು ಇಳಿಯುತ್ತಿದೆ. ಹಿಂದೆ ಫೋನೇ ಎತ್ತದಿದ್ದ ಓನರು ಈಗ ತಾವಾಗಿ ಫೋನು ಮಾಡಿ, "ನಿಮ್ಮ ಕಡೆಯಿಂದ ಎಷ್ಟು ಅಂತ ಹೇಳಿ ಸಾರ್" ಅನ್ನುತ್ತಾರೆ. ಎಷ್ಟು ಅಂತ ಹೇಳೋದು? ಇವತ್ತು ಒಂದು ಅಂಕಿ ಬಾಯಿಬಿಟ್ಟರೆ ನಾಳೆ ಅದಕ್ಕಿಂತ ಕಡಿಮೆಗೆ ಸಿಗುತ್ತಿತ್ತಲ್ಲ ಎಂಬ ಸಂಕಟ. ಕಾದು ಕೂತರೆ ಇನ್ಯಾರೋ ಹೊಡೆದುಕೊಂಡು ಹೋದಾರೆಂಬ ಹೊಟ್ಟೆಯುರಿ. ಬಲ್ಲವರನ್ನೇ ಕೇಳೋಣವೆಂದು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋದೆ. ಸರ್ವರ್ ಡೌನ್. ಹಾಗಾಗಿ ಆಸ್ತಿಗೆ ಸರ್ಕಾರವೇ ಕಟ್ಟಿದ ಬೆಲೆ, ಶ್ರೀಮಾನ್ ಗೈಡೆನ್ಸ್ ವ್ಯಾಲ್ಯೂ ಅವರು ಬಿಡುವಾಗಿ ಸಿಕ್ಕರು.

ನಾನು: ನಮಸ್ಕಾರ, ಹೇಗಿದ್ದೀರಿ?

ಗೈ.ವ್ಯಾ.: ನಂದೇನು ಸ್ವಾಮಿ, ಚದರ ಮೀಟರಿಗೆ ಇಷ್ಟು ಅಂತ ಬರೆದಿಟ್ಟಿದ್ದಾರೆ, ಇದ್ದೀನಿ. ಮೊದಲು ಆ ಬ್ರೋಕರ್ ವಿಚಾರ ಬರ್ಕೊಳ್ಳಿ.

ನಾನು: ಅದಕ್ಕೆ ಆಮೇಲೆ ಬರೋಣ. ಮಾರುಕಟ್ಟೆ ಇಳಿದಿದೆ, ತಾವು ಮಾತ್ರ...

ಗೈ.ವ್ಯಾ.: ಅಗೋ ಅಲ್ಲಿ, ಟೀ ಅಂಗಡಿ ಮುಂದೆ ಕೂತಿದ್ದಾನಲ್ಲ, ಅವನೇ. "ಪಕ್ಕದ ಬ್ಲಾಕಿಂದು ಎಪ್ಪತ್ತಕ್ಕೆ ಹೋಯ್ತು" ಅಂತಾನೆ. ಯಾವ ಮನೆ, ಯಾರು ಕೊಂಡ್ರು, ಕ್ರಯಪತ್ರ ಎಲ್ಲಿ? ಒಬ್ಬರಾದರೂ ಕೇಳಿದ್ದಾರಾ? ನನ್ನ ಹಿಂದೆ ಕೇಂದ್ರ ಮೌಲ್ಯಮಾಪನ ಸಮಿತಿ ಇದೆ, ಉಪಸಮಿತಿಗಳಿವೆ, ಕರಡು ಪ್ರಕಟಣೆ, ಆಕ್ಷೇಪಣೆ, ಎಲ್ಲ ಇದೆ. ಆದರೂ ಜನ ನಂಬೋದು ಅವನನ್ನ! ಎರಡೂ ಕಡೆ ಕಮಿಷನ್ ಎಣಿಸಿಕೊಂಡು ಇಬ್ಬರ ಕೈಲೂ ಒಳ್ಳೆ ಮನುಷ್ಯ ಅನ್ನಿಸ್ಕೋತಾನೆ. ನನಗೆ ಬರೀ ಶಾಪ.

ನಾನು: 2023ರ ಅಕ್ಟೋಬರ್ 1ರಂದು ರಾಜ್ಯದಾದ್ಯಂತ ತಾವು ಮೇಲೆ ಹೋದಿರಿ, ಸರಾಸರಿ ಶೇ 25ರಿಂದ 30. ಆಗ ಮಾರುಕಟ್ಟೆಗೆ ಹತ್ತಿರ ಬರಬೇಕು ಅಂತ ಕಾರಣ ಕೊಟ್ಟಿದ್ದರು. ಈಗ ಮಾರುಕಟ್ಟೆಯೇ ಕೆಳಗೆ ಬಂದಿರುವ ಕಡೆ ಅದೇ ಕಾರಣಕ್ಕೆ ಇಳಿಯಬಹುದಲ್ಲ?

ಗೈ.ವ್ಯಾ.: ಅವನ ಹತ್ತಿರ ಒಂದು ರಸೀದಿ ಪುಸ್ತಕನಾದರೂ ಇದೆಯಾ ಕೇಳಿ.

ನಾನು: 2022ರ ಜನವರಿಯಲ್ಲಿ ಮೂರು ತಿಂಗಳಿಗೆ ಅಂತ ಶೇ 10 ಇಳಿದಿದ್ದಿರಲ್ಲ?

ಗೈ.ವ್ಯಾ.: ಅದು ಇಳಿದದ್ದಲ್ಲ, ಬಗ್ಗಿದ್ದು. ಕೊರೊನಾದಲ್ಲಿ ಬಗ್ಗದೇ ಇದ್ದೋರು ಯಾರು?

ನಾನು: ಇರಲಿ. ಅಪಾರ್ಟ್‌ಮೆಂಟಿಗೆ ತಮ್ಮ ಲೆಕ್ಕ ಸೂಪರ್ ಬಿಲ್ಟ್‌ಅಪ್ ಮೇಲೆ, ಹೌದೇ?

ಗೈ.ವ್ಯಾ.: ಹೌದು.

ನಾನು: ಅಂದರೆ ಮೆಟ್ಟಿಲಿಗೂ ಲಿಫ್ಟಿನ ಗುಂಡಿಗೂ ನಾನು ಮುದ್ರಾಂಕ ಶುಲ್ಕ ಕಟ್ಟಬೇಕು! 2016ರ ರೇರಾ ಕಾಯ್ದೆ ಹೊರಗೋಡೆ, ಬಾಲ್ಕನಿ, ತೆರೆದ ಟೆರೇಸು ಎಲ್ಲ ಬಿಟ್ಟು ಕಾರ್ಪೆಟ್ ಏರಿಯಾ ಅಂದರೇನು ಅಂತ ಬಿಡಿಸಿ ಹೇಳಿದೆ. ನಾನು ಮನೆ ನೋಡಲು ಹೋದರೆ ಜೇಬಿನಲ್ಲಿ ಟೇಪು ಇರುತ್ತೆ. 1,200 ಚದರಡಿ ಎಂದ ಮನೆಯಲ್ಲಿ ನನ್ನ ಟೇಪಿಗೆ ಸಿಕ್ಕಿದ್ದು 860. ಉಳಿದ 340 ಎಲ್ಲಿ? ಕಾರಿಡಾರಿನಲ್ಲಂತೆ. ಅಲ್ಲಿ ಚಪ್ಪಲಿ ಸ್ಟ್ಯಾಂಡ್ ಇಟ್ಟು ನೋಡಿ, ಸಂಜೆಯೊಳಗೆ ಅಸೋಸಿಯೇಷನ್ ವಾಟ್ಸಾಪ್ ಗ್ರೂಪಿನಲ್ಲಿ ಫೋಟೊ. ನಾನು ದುಡ್ಡು ಕೊಟ್ಟ ಕಾರಿಡಾರಿನಲ್ಲಿ ನನ್ನ ಚಪ್ಪಲಿಗೆ ಜಾಗವಿಲ್ಲ! ಅದಿರಲಿ, ಅಡುಗೆಮನೆ ಯುಟಿಲಿಟಿಯನ್ನು...

ಗೈ.ವ್ಯಾ.: ಸ್ವಾಮಿ, ಸಂದರ್ಶನ ನಂದೋ, ಕಾರಿಡಾರಿಂದೋ?

ನಾನು: ಕ್ಷಮಿಸಿ. ತಮ್ಮ ಪ್ರಕಾರ ನಾನು ಕಣ್ಣಿಟ್ಟ ಮನೆ 60 ಲಕ್ಷ. ಓನರು 55ಕ್ಕೆ ಇಳಿದಿದ್ದಾರೆ. ನಾನು 54 ಕೇಳೋಣ ಅಂತಿದ್ದೇನೆ.

ಗೈ.ವ್ಯಾ.: ಬೇಡಿ. 54 ಲಕ್ಷ 55 ಸಾವಿರ ಕೇಳಿ. ಅಗ್ಗ.

ನಾನು: ಹೆಚ್ಚು ಕೊಟ್ಟರೆ ಅಗ್ಗವೇ?

ಗೈ.ವ್ಯಾ.: ಮುದ್ರಾಂಕ, ಸೆಸ್, ಸರ್‌ಚಾರ್ಜ್, ನೋಂದಣಿ ಎಲ್ಲ ಸೇರಿ ಶೇ 7.6. ಅದನ್ನ ನನ್ನ 60ರ ಮೇಲೇ ಕಟ್ಟಬೇಕು, 4 ಲಕ್ಷ 56 ಸಾವಿರ. 60ರೊಳಗೆ ನೀವು ಎಷ್ಟಕ್ಕೆ ಕೊಂಡರೂ ಅದು ಬದಲಾಗೋಲ್ಲ. ಇನ್ನು ಆದಾಯ ತೆರಿಗೆಯವರು. ನನಗೂ ನಿಮ್ಮ ಕ್ರಯಪತ್ರದ ಬೆಲೆಗೂ ಇರುವ ಅಂತರ ಆ ಬೆಲೆಯ ಶೇ 10 ದಾಟಿದರೆ ಪೂರಾ ಅಂತರವೇ ನಿಮ್ಮ ಆದಾಯ. 54ಕ್ಕೆ ಕೊಂಡರೆ ಅಂತರ 6 ಲಕ್ಷ, ದಾಟಿತು. ಮೇಲಿನ ಸ್ಲ್ಯಾಬಿನಲ್ಲಿದ್ದರೆ ಸೆಸ್ ಸೇರಿ 1 ಲಕ್ಷ 87 ಸಾವಿರ ತೆರಿಗೆ. 54 ಲಕ್ಷ 55 ಸಾವಿರಕ್ಕೆ ಕೊಂಡರೆ ಒಂದು ಕೂದಲೆಳೆಯಲ್ಲಿ ದಾಟಲ್ಲ, ತೆರಿಗೆ ಇಲ್ಲ. 55 ಸಾವಿರ ಚೌಕಾಸಿ ಮಾಡಿ 1 ಲಕ್ಷ 87 ಸಾವಿರ ಕಳ್ಕೋತೀರಾ?

ನಾನು: ಅಂದರೆ ನನ್ನ ಆಫರ್ ಎಷ್ಟಿರಬೇಕು ಅಂತ ಓನರೂ ಹೇಳುವಂತಿಲ್ಲ, ನಾನೂ ಹೇಳುವಂತಿಲ್ಲ. ಸರಿ, ನನ್ನದು ಬಿಡಿ. ಕೆಲಸ ಹೋಗಿ ಇಎಂಐ ಕಟ್ಟಲಾಗದೆ, ಇಲ್ಲಾ ಐಸಿಯು ಬಿಲ್ಲಿಗೆ ಅಂತ, ಇದೇ ಮನೆಯನ್ನು 50ಕ್ಕೆ ಕೊಟ್ಟುಬಿಡುವವರ ಗತಿ?

ಗೈ.ವ್ಯಾ.: ಅವರ ಲಾಭದ ಲೆಕ್ಕ ನನ್ನ 60ರಿಂದಲೇ ಶುರು. ಇದನ್ನೆಲ್ಲ ಆ ಬ್ರೋಕರ್ ಮೊದಲೇ ಹೇಳಬಾರದಿತ್ತಾ?

ನಾನು: ಬ್ರೋಕರ್ ಮಾತು ಸಾಕು. ಕೈಗೆ ಬಾರದ ಹತ್ತು ಲಕ್ಷವನ್ನು ಬಂದಿದೆ ಅಂತ ಮಾರಿದವರ ತಲೆಗೆ ಕಟ್ಟುತ್ತೀರಿ. ಅದೇ ಹತ್ತು ಲಕ್ಷವನ್ನು, ಉಳಿಸಿಕೊಂಡಿದ್ದೀಯ ಅಂತ, ಕೊಂಡವರ ತಲೆಗೂ ಕಟ್ಟುತ್ತೀರಿ. ಆ ಹಣವನ್ನು ಯಾರೂ ಕಣ್ಣಲ್ಲಿ ಕಂಡಿಲ್ಲ. ಕಪ್ಪುಹಣ ಹಿಡಿಯಲು ಅಂತ ಬಂದ ನಿಯಮವಿದು, ಮಾರುವವರಿಗೆ 2003ರಲ್ಲೇ. ರೇಟು ಏರಿದ ಕಡೆ ಕ್ರಯಪತ್ರದಲ್ಲಿ ನಿಮ್ಮ ಅಂಕಿ ಬರೆದು, ಮೇಲಿನದ್ದನ್ನು ಬ್ಯಾಗಿನಲ್ಲಿ ಕೊಟ್ಟವನನ್ನು ಈ ನಿಯಮ ಮುಟ್ಟುವುದೇ ಇಲ್ಲ. ಕೈಗೆ ಬಂದದ್ದು ಐವತ್ತು ಅಂತ ನಿಜ ಬರೆದವರನ್ನು ಹಿಡಿಯುತ್ತದೆ. ಮೌಲ್ಯಮಾಪನ ಅಧಿಕಾರಿಗೆ ಒಪ್ಪಿಸಿ ಅಂತ ಕೇಳಿಕೊಳ್ಳಬಹುದಂತೆ. ಆಸ್ಪತ್ರೆಯ ಬಾಗಿಲಲ್ಲಿ ಕೂತವರು ಇನ್ನೊಂದು ಕಚೇರಿಯ ಬಾಗಿಲಿಗೂ ಹೋಗಿ ತಾವು ಸುಳ್ಳುಗಾರರಲ್ಲ ಅಂತ ಸಾಬೀತು ಮಾಡಬೇಕೆ? 2020ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಈ ಶೇ 10ನ್ನು 20ಕ್ಕೆ ಸಡಿಲಿಸಿತು. ಯಾರಿಗೆ? 2 ಕೋಟಿವರೆಗಿನ, ಮೊದಲ ಸಲ ಮಾರುವ ಹೊಸ ಮನೆಗಳಿಗೆ ಮಾತ್ರ, 2021ರ ಜೂನ್ 30ರವರೆಗೆ. ಬಿಲ್ಡರ ಕೈಯಲ್ಲಿ ಮಾರಾಟವಾಗದೆ ಮನೆ ಉಳಿದಾಗ ಬೆಲೆ ಇಳಿಯಬಹುದು ಅನ್ನುವುದು ದೆಹಲಿಗೆ ಅರ್ಥವಾಗುತ್ತದೆ. ರಿಟೈರಾದ ಮೇಷ್ಟ್ರು ತಮ್ಮ ಎರಡು ಬೆಡ್‌ರೂಮಿನ ಹಳೇ ಫ್ಲಾಟು ಮಾರಲು ನಿಂತಾಗ ಅದೇ ವಿಷಯ ಅನುಮಾನವಾಗಿಬಿಡುತ್ತದೆ.

(ಗೈಡೆನ್ಸ್ ವ್ಯಾಲ್ಯೂ ಅವರು ಉತ್ತರಿಸಲಿಲ್ಲ. ಸರ್ವರ್ ಬಂತೆಂದು ಯಾರೋ ಕೂಗಿದರು. ಪತ್ರ ಬರಹಗಾರರು ಒಮ್ಮೆಲೇ ಎದ್ದು ಒಳಗೆ ನುಗ್ಗಿದರು.)

ನಾನು: ಹೋಗುವ ಮುಂಚೆ ಇನ್ನೊಂದೇ. ರೇಟು ಮತ್ತೂ ಬಿದ್ದು ಆ ಓನರು 45ಕ್ಕೆ ಒಪ್ಪಿದರೆ?

ಗೈ.ವ್ಯಾ.: ನಾನು 60.

ನಾನು: 40ಕ್ಕೆ?

ಗೈ.ವ್ಯಾ.: 60. ಅಷ್ಟು ಬೇಜಾರಾದರೆ ಕಾಯಿರಿ, ಮುಂದಿನ ಪರಿಷ್ಕರಣೆ ಬರುತ್ತಲ್ಲ.

ನಾನು: ಆಗ ಇಳಿಸುತ್ತಾರಾ?

ಗೈ.ವ್ಯಾ.: ಪರಿಷ್ಕರಣೆ ಅಂದೆ ಸ್ವಾಮಿ. ಇಳಿಸೋದು ಅಂತ ಯಾವಾಗ ಅಂದೆ?