ಶ್ರುತಿಶುದ್ಧ ಚಕ್ರ

ಬೆಂಗಳೂರಿನಿಂದ ಬಂದ ನನ್ನ ಸೋದರಳಿಯನು ನಮ್ಮ ನೀಲಗಿರಿಯ ಚೇರಂಬಾಡಿಯ ಜಿಗಣೆಗಳಿಗೆ ಎರಡು ದಿನ ರಕ್ತದಾನವನ್ನು ಮಾಡಿ ಹಿಂದಿರುಗುವಾಗ ತನ್ನ ರೋಡ್ ಬೈಕನ್ನು ನಮ್ಮ ಜಗಲಿಯಲ್ಲಿ ಬಿಟ್ಟುಹೋದುದು ನನ್ನ ಮೇಲಣ ವಿಶ್ವಾಸದಿಂದೇನೂ ಅಲ್ಲ. ಬಸ್ಸಿನ ಕಂಡಕ್ಟರನು ಅದನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. “ಮಾವ, ಆಗಾಗ ಒರಸಿಟ್ಟರೆ ಸಾಕು, ಹತ್ತಬೇಡಿ” ಎಂದು ಅವನು ಹೇಳಿದುದು ನಿಜವೇ. 92 ಕಿಲೋ ತೂಗುವ ಮಾನಧನನಿಗೆ ಇಂಥ ಮಾತನ್ನಾಡುವವನು ಅದರ ಫಲಕ್ಕೂ ಹೊಣೆಯಾಗಬೇಕಷ್ಟೆ.

ನನ್ನ ಹಳೆಯ ಸೈಕಲ್ಲಿನ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳು. ಈ ನವನಾಗರಿಕನಿಗೆ ಮುಂದೆ 20, ಹಿಂದೆ 24. ಕಡ್ಡಿಗಳ ಸಂಖ್ಯೆಯಲ್ಲಿ ಕಾಲಮಾನವು ತಂದ ಈ ಮಿತವ್ಯಯವನ್ನು ನಮ್ಮ ರಸ್ತೆಯ ಗುಂಡಿಗಳ ವಿಷಯದಲ್ಲಿ ಇನ್ನೂ ಯಾರೂ ತಂದಿಲ್ಲ. ಚಕ್ರಶಾಸ್ತ್ರವನ್ನು ನಾನು ತಕ್ಕಮಟ್ಟಿಗೆ ಓದಿಕೊಂಡೆನು. ಭಾರ ಬಿದ್ದೊಡನೆ ನೆಲದತ್ತಣ ಕಡ್ಡಿಗಳ ಬಿಗಿತವು ಕಡಮೆಯಾಗಿ, ಮೇಲೇರಿದೊಡನೆ ಮರಳಿ ಬರುತ್ತದೆ. ಕಿಲೋಮೀಟರಿಗೆ ಸುಮಾರು 475 ಬಾರಿ ಹೀಗೆ ಸಡಿಲ-ಬಿಗಿಗಳ ನಡುವೆ ತೊಳಲಿ, ದಣಿದ ಕಡ್ಡಿಯು ನಾಭಿಯ ಬಳಿ ಬಾಗಿರುವೆಡೆ ಮುರಿಯುತ್ತದೆ. ಮೊದಲು ಮುರಿಯುವುದು ಸಡಿಲವಾದುದೇ. ಇಷ್ಟರಲ್ಲಿಯೇ ಪುಸ್ತಕವನ್ನು ಮುಚ್ಚಿದೆನು. ಇನ್ನೊಂದು ಪುಟವನ್ನು ಓದಿದ್ದರೆ ಈ ಪ್ರಬಂಧವಿರುತ್ತಿರಲಿಲ್ಲ.

ಕಡ್ಡಿಯನ್ನು ಮೀಟಿ, ಅದರ ನಾದದಿಂದ ಬಿಗಿತವನ್ನು ಅರಿಯಬಹುದೆಂದು ಆ ಪುಸ್ತಕದಲ್ಲಿಯೇ ಇತ್ತು. ಬಾಲ್ಯದಲ್ಲಿ ಮೂರು ತಿಂಗಳ ಕಾಲ ವೀಣೆಯನ್ನು ಹಿಂಸಿಸಿದ್ದ ನನಗೆ ಇದಕ್ಕಿಂತ ಪ್ರಿಯವಾದ ವಾರ್ತೆಯುಂಟೇ? ಮಧ್ಯಾಹ್ನದ ಕಾಫಿಯನ್ನು ಮುಗಿಸಿ, ಬೈಕನ್ನು ತಲೆಕೆಳಗಾಗಿ ನಿಲ್ಲಿಸಿ, ಶ್ರುತಿಪೆಟ್ಟಿಗೆಯನ್ನು ಹಚ್ಚಿ, ಹಿಂದಿನ ಚಕ್ರದ ಮುಂದೆ ಪದ್ಮಾಸನದಲ್ಲಿ ಕುಳಿತೆನು. ಬಲಬದಿಯ ಹನ್ನೆರಡು ಕಡ್ಡಿಗಳು ನಿಷ್ಕಳಂಕವಾದ ತಾರಷಡ್ಜವನ್ನು ನುಡಿದುವು. ಎಡಬದಿಯವೋ ಪ್ರತಿಮಧ್ಯಮದ ಬಳಿ ನರಳಿದುವು. ಒಂದೇ ಚಕ್ರಕ್ಕೆ ಎರಡು ಶ್ರುತಿ! ಬೆಂಗಳೂರಿನ ಮೆಕ್ಯಾನಿಕರಿಗೆ ಕಿವಿಯಿಲ್ಲವೆಂದು ನಿರ್ಣಯಿಸಿ, ಕಡ್ಡಿ ಬಿಗಿಯುವ ಹೊಸ ಕೀಲಿಯನ್ನು ಕೈಗೆತ್ತಿಕೊಂಡೆನು. ಕಾಲು ಸುತ್ತು ತಿರುಗಿಸುವುದು, ಉಗುರಿನಿಂದ ಮೀಟುವುದು, ಕಣ್ಣು ಮುಚ್ಚಿ ತಲೆದೂಗುವುದು, ಮತ್ತೆ ಕಾಲು ಸುತ್ತು. ಏಳನೆಯ ಕಡ್ಡಿಯು ಪಂಚಮವನ್ನು ದಾಟಿ ನಿಷಾದದಲ್ಲಿ ಹಟಮಾಡಿ ನಿಂತುಕೊಂಡಾಗ ಅದನ್ನು ಮುದ್ದಿನಿಂದ ಗದರಿಸಿದೆನು. ಪಕ್ಕದ ಮನೆಯವರು ಬೇಲಿಯ ಮೇಲೆ ಇಣುಕಿ, “ಭಜನೆ ಎಷ್ಟು ಗಂಟೆಗೆ?” ಎಂದು ಕೇಳಿದರು. ದೀಪ ಹಚ್ಚುವ ಹೊತ್ತಿಗೆ ಇಪ್ಪತ್ತನಾಲ್ಕೂ ಕಡ್ಡಿಗಳು ಏಕಕಂಠದಿಂದ ಷಡ್ಜವನ್ನು ನುಡಿಯಲು ನನಗೆ ರೋಮಾಂಚವಾಯಿತು. ಮನೆಯಾಕೆಗೆ ಆಗಲಿಲ್ಲ.

ಮರುದಿನದ ಕಥೆ ಸಣ್ಣದು. ಚಕ್ರವು ಎಡಗಡೆಗೆ ಉಜ್ಜುತ್ತಲೇ ಹೊರಟಿತು. ಬಜಾರಿನ ಇಳಿಜಾರಿನಲ್ಲಿ ಮಳೆನೀರು ತುಂಬಿದ ಗುಂಡಿಯೊಂದು ಬಂದಿತು. ಚಕ್ರವು ನಿಂತಿತು, ನಾನು ನಿಲ್ಲಲಿಲ್ಲ. ಎದ್ದು ನೋಡಿದರೆ ರಿಮ್ಮು ಅಷ್ಟಾವಕ್ರನ ಸಹೋದರನಂತಿದ್ದಿತು.

ಸೈಕಲ್ ಅಂಗಡಿಯವನು ಒಂದು ಕಡ್ಡಿಯನ್ನೂ ಮೀಟಲಿಲ್ಲ. ಎರಡು ಬೆರಳುಗಳಿಂದ ಹಿಸುಕಿ ನೋಡಿ ನನ್ನನ್ನೇ ದೀರ್ಘವಾಗಿ ನೋಡಿದನು. “ಬಲಗಡೆ ಗೇರು ಕೂರಬೇಕಲ್ಲ ಸಾರ್? ಅದಕ್ಕೇ ಆ ಕಡೆ ಬಿಗಿ, ಈ ಕಡೆ ಅದರ ಅರ್ಧ. ಎರಡನ್ನೂ ಒಂದೇ ಮಾಡಿದರೆ ರಿಮ್ಮು ಎಡಕ್ಕೆ ಓಡುತ್ತದೆ” ಎಂಬುದು ಅವನ ತಮಿಳಿನ ಸಾರಾಂಶ. ಆ ಇನ್ನೊಂದು ಪುಟದಲ್ಲಿದ್ದುದೂ ಇದೇ.

ಅವನು ರಿಮ್ಮನ್ನು ಕಾಲಿನಡಿ ಮೆಟ್ಟಿ, ಕಡ್ಡಿಗಳನ್ನೆಲ್ಲ ಸಡಿಲಿಸಿ, ಸವೆದು ನುಣುಪಾದೊಂದು ಕೀಲಿಯಿಂದ ಬೆಂಡು ತೆಗೆಯತೊಡಗಿದನು. ಆ ಕೀಲಿ ಎಲ್ಲಿಯದೆಂದು ಕೇಳಿದೆನು. ಅಪ್ಪನದಂತೆ. ಲಂಕೆಯ ಭಾರತೀಯ ಮೂಲದವರನ್ನು ಎರಡು ದೇಶಗಳಿಗೆ ಹಂಚಿದ 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದವು ಈ ಕಡೆಗೆ ತೂಗಿಹಾಕಿದ 5,25,000 ಜನರಲ್ಲಿ ಒಬ್ಬನಾಗಿ, ಲಂಕೆಯ ತೋಟವನ್ನು ಬಿಟ್ಟು ತಲೈಮನ್ನಾರಿನಲ್ಲಿ ಹಡಗೇರಿ ರಾಮೇಶ್ವರದಲ್ಲಿ ಇಳಿದು, ಇಲ್ಲಿಯ ಸರಕಾರಿ ತೇಯಿಲೆ ತೋಟದ ಲೈನ್ ಮನೆಯನ್ನು ಸೇರಿದವನು. ಸೈಕಲ್ಲು ಅಲ್ಲಿಯೇ ಉಳಿಯಿತು, ಕೀಲಿ ಮಾತ್ರ ಬಂದಿತು. ಇದನ್ನು ಹೇಳುವಾಗಲೂ ಅವನ ಕಣ್ಣು ರಿಮ್ಮಿನ ಮೇಲೆಯೇ ಇದ್ದಿತು. ನನಗೆ ವೀಣೆಯ ಪ್ರಸ್ತಾಪವನ್ನು ಎತ್ತಲು ಮನಸ್ಸಾಗಲಿಲ್ಲ.

ಕೂಲಿಯೆಂದು ಅವನು 80 ರೂಪಾಯಿಗಳನ್ನು ತೆಗೆದುಕೊಂಡನು. ನನ್ನ ಹೊಸ ಕೀಲಿಯನ್ನೂ, ನಾನು ಕೊಡದೆಯೇ, ತೆಗೆದುಕೊಂಡು ತನ್ನ ಡಬ್ಬಿಯೊಳಗಿಟ್ಟನು.