ತಾರಸಿಯಿಂದ ಹಡಗು ನಡೆಸುವ ವಿಧಾನ: ಕಳಂಬೋಲಿ ಆವೃತ್ತಿ

ಬಳಕೆಗೆ ಮುನ್ನ

ಸೂರ್ಯ, ನಕ್ಷತ್ರ ನೋಡಿ ಹಡಗು ಎಲ್ಲಿದೆಯೆಂದು ಕಂಡುಹಿಡಿಯಲು ಕಲಿಸುವ ಈ ಕೈಪಿಡಿ ಮರ್ಚೆಂಟ್ ನೇವಿ ಕಲಿಯಲು ನವಿ ಮುಂಬೈಗೆ ಬಂದು, ಬಾಡಿಗೆ ಕಮ್ಮಿಯೆಂದು ಕಳಂಬೋಲಿಯಲ್ಲಿ ರೂಮು ಹಿಡಿದಿರುವ ನಮ್ಮೂರ ಹುಡುಗರಿಗೆ. ‘ಮಗ ಶಿಪ್ಪಿನಲ್ಲಿದ್ದಾನೆ’ ಎಂದು ಉಡುಪಿಯ ಮದುವೆಮನೆಯಲ್ಲಿ ಹೇಳಿಕೊಳ್ಳಲು ಕಾದಿರುವ ಅವರ ಅಮ್ಮಂದಿರಿಗೂ ಆದೀತು. ‘ಜಿಪಿಎಸ್ ಇರುವಾಗ ಇದೆಲ್ಲ ಯಾಕಯ್ಯಾ?’ ಎನ್ನುವ ಮಾವಂದಿರಿಗೆ ಉತ್ತರ ಇಲ್ಲೇ ಕೊಟ್ಟುಬಿಡೋಣ. ಅಮೆರಿಕದ ನೌಕಾ ಅಕಾಡೆಮಿ ಈ ಪಾಠವನ್ನು ಕೈಬಿಟ್ಟು, 2015ರಲ್ಲಿ ಮತ್ತೆ ಶುರುಮಾಡಿತು. ಕೆಂಪು ಸಮುದ್ರ, ಪರ್ಷಿಯನ್ ಕೊಲ್ಲಿಯ ಕಡೆ ಜಿಪಿಎಸ್ ಸಂಕೇತ ಕೆಡಿಸುವುದು ಈಗ ಮಾಮೂಲಿ. ನಮ್ಮ ನೌಕಾಪಡೆಯಿಂದ ನಿವೃತ್ತರಾದ ಅಭಿಲಾಷ್ ಟಾಮಿ 2022-23ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಒಬ್ಬರೇ ಭೂಮಿ ಸುತ್ತಿ ಎರಡನೆಯವರಾಗಿ ಬಂದದ್ದು ಕೋನ ಅಳೆಯುವ ಸೆಕ್ಸ್‌ಟೆಂಟ್ ಹಿಡಿದೇ. ಆ ಪಂದ್ಯದಲ್ಲಿ ಜಿಪಿಎಸ್ ನೋಡುವಂತಿಲ್ಲ.

ಬೇಕಾಗುವ ಸಾಮಾನು

ಒಂದು ಸೆಕ್ಸ್‌ಟೆಂಟ್ (ಅಭ್ಯಾಸಕ್ಕೆ ಪ್ಲಾಸ್ಟಿಕ್‌ನದು ಸಾಕು), ಆ ವರ್ಷದ ನಾಟಿಕಲ್ ಆಲ್ಮನಾಕ್ (ಸೂರ್ಯ, ನಕ್ಷತ್ರಗಳ ಸ್ಥಾನ ತಿಳಿಸುವ ಪಂಚಾಂಗ), ಒಂದು ಗಡಿಯಾರ, ಒಂದು ಅಗಲದ ತಟ್ಟೆ, ಅರ್ಧ ಲೀಟರ್ ಹಳೆ ಎಂಜಿನ್ ಆಯಿಲ್. ಕೊನೆಯದಕ್ಕೆ ಕಳಂಬೋಲಿಯಲ್ಲಿ ಬರವಿಲ್ಲ. ಟ್ರಕ್ ಟರ್ಮಿನಲ್ ಬಳಿಯ ಯಾವ ಗ್ಯಾರೇಜಿನವನೂ ಕೊಡುತ್ತಾನೆ. ಯಾಕೆ ಬೇಕೆಂದು ಕೇಳಿದರೆ ‘ಸೂರ್ಯನನ್ನು ಹಿಡಿಯಲು’ ಎನ್ನಬೇಡಿ.

ಎಣ್ಣೆ ಯಾಕೆಂದರೆ, ಸೆಕ್ಸ್‌ಟೆಂಟ್ ಅಳೆಯುವುದು ಸಮುದ್ರದ ದಿಗಂತದಿಂದ ಆಕಾಶಕಾಯದ ಎತ್ತರವನ್ನು. ನಿಮ್ಮ ತಾರಸಿಯಿಂದ ಕಾಣುವುದು ಸ್ಟೀಲ್ ಮಾರ್ಕೆಟ್, ನೀರಿನ ಟ್ಯಾಂಕಿ, ಆಚೆಗೆ ಖಾರ್‌ಘರ್ ಗುಡ್ಡ. ನೆಟ್ಟಗಿನ ದಿಗಂತ ಎಲ್ಲೂ ಇಲ್ಲ. ಆದರೆ ನಿಂತ ಎಣ್ಣೆ ತನ್ನಷ್ಟಕ್ಕೇ ಸಮತಲ. ಸೂರ್ಯನಿಗೂ ಎಣ್ಣೆಯೊಳಗಿನ ಅವನ ಪ್ರತಿಬಿಂಬಕ್ಕೂ ನಡುವಿನ ಕೋನ ಅಳೆದು ಅರ್ಧ ಮಾಡಿದರೆ ಎತ್ತರ ಸಿಕ್ಕಿತು. ಮೊದಲು ಕನ್ನಡಿಗಳ ಮುಂದೆ ಕಪ್ಪು ಗಾಜುಗಳನ್ನು ಇಳಿಸಿ. ಎರಡೂ ಕಡೆ. ಎಣ್ಣೆಯ ಸೂರ್ಯ ಸಾಧು ಎಂದುಕೊಂಡವರು ಕಣ್ಣು ಕಳೆದುಕೊಳ್ಳುತ್ತಾರೆ.

ಈಗ ಉಪಕರಣದ ತೋಳು ಸರಿಸುತ್ತ ಮೇಲಿನ ಸೂರ್ಯನನ್ನು ಕೆಳಗಿಳಿಸಿ. ಹಸಿರು ಬಿಲ್ಲೆಯೊಂದು ತೇಲುತ್ತ ಬಂದು ಎಣ್ಣೆಯ ಬಿಲ್ಲೆಯ ಪಕ್ಕ ನಿಲ್ಲುತ್ತದೆ. ಅಂಚಿಗೆ ಅಂಚು ತಾಗಿಸುವಷ್ಟರಲ್ಲಿ ಹೈವೇಯಲ್ಲಿ ಉಕ್ಕಿನ ಕಾಯಿಲ್ ಹೊತ್ತ ಟ್ರೇಲರ್ ಹಾಯುತ್ತದೆ, ಕಟ್ಟಡ ಅದುರುತ್ತದೆ, ಎಣ್ಣೆಯ ಸೂರ್ಯ ಹರಿದು ಚೂರಾಗುತ್ತಾನೆ. ಕಾಯಿರಿ. ಹಡಗಿನ ಡೆಕ್ ಇದಕ್ಕಿಂತ ಹೆಚ್ಚು ಕುಣಿಯುತ್ತದೆ.

ಅಕ್ಷಾಂಶ: ಪುಕ್ಕಟೆ

ಉತ್ತರಕ್ಕೆ ಮುಖ ಮಾಡಿ, ಕೈ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಸುಮಾರು 10 ಡಿಗ್ರಿ. ಎರಡು ಮುಷ್ಟಿಗೆ ತುಸು ಕಮ್ಮಿ ಎತ್ತರದಲ್ಲಿ ಧ್ರುವ ನಕ್ಷತ್ರ: 19 ಡಿಗ್ರಿ, ಅದೇ ಕಳಂಬೋಲಿಯ ಅಕ್ಷಾಂಶ. ರಜೆಗೆ ಮಂಗಳೂರಿಗೆ ಹೋದಾಗ ನೋಡಿ, 13ಕ್ಕೆ ಇಳಿದಿರುತ್ತದೆ. ನಮ್ಮ ಕರಾವಳಿಗೆ ಬರುತ್ತಿದ್ದ ಅರಬ್ಬರು ಇದೇ ಲೆಕ್ಕವನ್ನು ಒಂದು ಹಲಗೆ, ಒಂದು ಗಂಟುಹಾಕಿದ ದಾರದಲ್ಲಿ ಮುಗಿಸುತ್ತಿದ್ದರು. ಅದರ ಹೆಸರು ಕಮಾಲ್. ಎಣ್ಣೆಯಲ್ಲಿ ಧ್ರುವನನ್ನು ಹುಡುಕಬೇಡಿ. ಅವನಿಗಿರುವ ಬೆಳಕೇ ಅಷ್ಟು. ಎಣ್ಣೆ ನುಂಗಿ ಉಳಿದದ್ದು ಸ್ಟೀಲ್ ಮಾರ್ಕೆಟ್ಟಿನ ದೀಪಗಳ ಪಾಲು.

ರೇಖಾಂಶ: ಇಲ್ಲಿ ದುಡ್ಡು ಬೀಳುತ್ತದೆ

ಯಾವ ನಕ್ಷತ್ರವೂ ರೇಖಾಂಶ ಹೇಳುವುದಿಲ್ಲ, ಗಡಿಯಾರ ಹೇಳಬೇಕು. ಬ್ರಿಟಿಷ್ ಪಾರ್ಲಿಮೆಂಟು 1714ರಲ್ಲಿ ಇದಕ್ಕೆಂದೇ 20,000 ಪೌಂಡ್ ಬಹುಮಾನ ಇಟ್ಟಿತು. ಬಡಗಿಯ ಮಗ ಜಾನ್ ಹ್ಯಾರಿಸನ್ ಸಮುದ್ರದಲ್ಲೂ ತಪ್ಪದ ಗಡಿಯಾರ ಮಾಡಿ, ದುಡ್ಡಿಗಾಗಿ ಮುದುಕನಾಗುವವರೆಗೆ ಅಲೆದ. ಹಡಗುಗಳಿಗೆ ಹೊತ್ತು ತಿಳಿಸಲೂ ಆಗಲೆಂದು ಮುಂಬೈಯ ಕೊಲಾಬಾದಲ್ಲಿ 1826ರಲ್ಲಿ ವೀಕ್ಷಣಾಲಯ ಕಟ್ಟಿದರು.

ನೀವು ಮಾಡಬೇಕಾದದ್ದು ಇಷ್ಟು. ನವೆಂಬರ್ ಮೊದಲ ವಾರದ ಒಂದು ದಿನ ಹನ್ನೊಂದೂವರೆಗೆ ಸೂರ್ಯನ ಎತ್ತರ ಅಳೆದು ಗಂಟೆ, ನಿಮಿಷ, ಸೆಕೆಂಡು ಬರೆದಿಡಿ. ಸೆಕ್ಸ್‌ಟೆಂಟನ್ನು ಅಲುಗಿಸದೆ ಹಾಗೇ ಇಟ್ಟು ಊಟ ಮುಗಿಸಿ ಬನ್ನಿ. ಸೂರ್ಯ ಇಳಿಯುತ್ತ ಮತ್ತೆ ಅದೇ ಎತ್ತರಕ್ಕೆ ಬಂದ ಸೆಕೆಂಡನ್ನು ಬರೆಯಿರಿ. ಎರಡರ ಮಧ್ಯಬಿಂದು ನಿಮ್ಮ ತಾರಸಿಯ ನಿಜವಾದ ಮಧ್ಯಾಹ್ನ: ಸುಮಾರು 12.21.11. ಭಾರತೀಯ ಕಾಲಮಾನದ 82.5 ಡಿಗ್ರಿ ರೇಖೆಯ ಮೇಲೆ ಅಂದು ಮಧ್ಯಾಹ್ನ 11.43.35ಕ್ಕೆ ಎಂದು ಆಲ್ಮನಾಕ್‌ನಿಂದ ಸಿಗುತ್ತದೆ. ವ್ಯತ್ಯಾಸ 37 ನಿಮಿಷ 36 ಸೆಕೆಂಡು. ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ 9.4, ಕಳೆದರೆ 73.1. ಅದೇ ಕಳಂಬೋಲಿ.

ಗಡಿಯಾರ ಒಂದು ನಿಮಿಷ ಮುಂದಿದ್ದರೆ? 26 ಕಿ.ಮೀ. ಪಶ್ಚಿಮಕ್ಕೆ ಜಾರಿ ಟಿಕೆಟಿಲ್ಲದೆ ದಾದರಿನಲ್ಲಿರುತ್ತೀರಿ. ಒಂದು ನಿಮಿಷ ಹಿಂದಿದ್ದರೆ ಪೂರ್ವಕ್ಕೆ ನೇರಳ್ ದಾಟಿರುತ್ತೀರಿ. ಇನ್ನು, ಮಕ್ಕಳಿಗೆ ಶಾಲೆ ತಪ್ಪದಿರಲೆಂದು ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವ ಪದ್ಧತಿ ನಮ್ಮಲ್ಲಿದೆಯಲ್ಲ, ಆ ಲೆಕ್ಕದಲ್ಲಿ ಇಡೀ ಸಂಸಾರ 260 ಕಿ.ಮೀ. ದೂರ ಅರಬ್ಬಿ ಸಮುದ್ರದಲ್ಲಿ ಚಾ ಕುಡಿಯುತ್ತಿರುತ್ತದೆ.

ಹಾಗಂತ ಆ ಗಡಿಯಾರವನ್ನು ತಿದ್ದಲು ಹೋಗಬೇಡಿ. ಹಡಗಿನ ಗಡಿಯಾರವಾದ ಕ್ರೊನೋಮೀಟರನ್ನು ನಡುಸಮುದ್ರದಲ್ಲಿ ಯಾರೂ ತಿದ್ದುವುದಿಲ್ಲ. ದಿನಾ ರೇಡಿಯೊ ಸಂಕೇತಕ್ಕೆ ಹೋಲಿಸಿ, ಇಂದು ಎಷ್ಟು ಸೆಕೆಂಡು ಮುಂದೆ, ನಿನ್ನೆಗಿಂತ ಎಷ್ಟು ಹೆಚ್ಚು ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಅವರಿಗೆ ಬೇಕಾದದ್ದು ತಪ್ಪೇ ಇಲ್ಲದ ಗಡಿಯಾರವಲ್ಲ, ಒಂದೇ ಲೆಕ್ಕದಲ್ಲಿ ತಪ್ಪುವ ಗಡಿಯಾರ. ಹತ್ತು ನಿಮಿಷ ಮುಂದಿದೆ ಎಂದು ಮನೆಮಂದಿಗೆಲ್ಲ ಗೊತ್ತಿರುವ ಅಮ್ಮನ ಗಡಿಯಾರದಲ್ಲಿ ಶಾಸ್ತ್ರೀಯವಾಗಿ ಏನೂ ಕೊರತೆಯಿಲ್ಲ. ಅಪಾಯ ಇರುವುದು ಯಾರಿಗೂ ಹೇಳದೆ ಅದನ್ನು ಸರಿಮಾಡುವ ಅಳಿಯನಿಂದ.

ನಕ್ಷತ್ರಗಳ ಪರಿಚಯ

ಆಲ್ಮನಾಕ್ ಪಟ್ಟಿಮಾಡುವ 57 ನಕ್ಷತ್ರಗಳನ್ನು ಉರುಹೊಡೆಯಲು ಹುಡುಗರು ಒದ್ದಾಡುತ್ತಾರೆ. ಅರ್ಧಕ್ಕರ್ಧ ಹೆದರಿಕೆ ವೃಥಾ. ಅಲ್ಡೆಬರಾನ್ ನಿಮ್ಮ ರೋಹಿಣಿ, ಬೀಟಲ್‌ಜೂಸ್ ಆರ್ದ್ರೆ, ರೆಗ್ಯುಲಸ್ ಮಖೆ, ಸ್ಪೈಕಾ ಚಿತ್ತೆ, ಆರ್ಕ್‌ಟುರಸ್ ಸ್ವಾತಿ. ಅಜ್ಜ ಬಿತ್ತನೆಗೆ ಎಣಿಸುತ್ತಿದ್ದ ಮಳೆಗಳೇ ಎಲ್ಲ. ಒಂದು ಎಚ್ಚರಿಕೆ: ರೋಹಿಣಿ ಮಳೆ ಬೀಳುವಾಗ ರೋಹಿಣಿಯನ್ನು ಹುಡುಕಬೇಡಿ, ಸೂರ್ಯ ಅವಳ ಮಗ್ಗುಲಲ್ಲೇ ಇರುತ್ತಾನೆ.

ಖಾತರಿಯ ಮಿತಿ

ಸೆಕ್ಸ್‌ಟೆಂಟ್ ಅಳೆಯುವುದು 120 ಡಿಗ್ರಿ ಆಸುಪಾಸಿನವರೆಗೆ. ಎಣ್ಣೆಯಲ್ಲಿ ಅಳೆಯುವ ಕೋನವೋ ಎತ್ತರದ ಇಮ್ಮಡಿ. ಮೇ ನಡುವೆ, ಮತ್ತೆ ಜುಲೈ ಕೊನೆಗೆ, ಸೂರ್ಯ ಕಳಂಬೋಲಿಯ ನೆತ್ತಿಯ ಮೇಲೇ ನಿಲ್ಲುವುದರಿಂದ ಎಣ್ಣೆ ತಟ್ಟೆ ನಿಷ್ಪ್ರಯೋಜಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ದೀಪಾವಳಿಯ ಪಟಾಕಿ ಹೊಗೆ ಇಳಿದ ಮೇಲೆ ಶುರುಮಾಡಿ, ಜನವರಿಯೊಳಗೆ ಮುಗಿಸಿ. ತಾರಸಿಯ ಬೀಗದ ಕೈ ಸೊಸೈಟಿ ಸೆಕ್ರೆಟರಿ ಹತ್ತಿರ ಇರುತ್ತದೆ. ಎಣ್ಣೆಯ ವಿಷಯ ಎತ್ತದೆ ಈಗಲೇ ಕೇಳಿ ಇಟ್ಟುಕೊಳ್ಳಿ.