ಹಾಲು ಕೊಡದವನಿಗೊಂದು ಬಹಿರಂಗ ಪತ್ರ

ಪ್ರೀತಿಯ ಬಸವ,

ಡೈರಿಯ ಪಾಸ್‌ಬುಕ್ಕಿನಲ್ಲಿ ಲೀಟರಿಗೆ ಒಂದು ಕಾಲಂ ಇದೆ, ಫ್ಯಾಟಿಗೆ ಒಂದು, ಎಸ್‌ಎನ್‌ಎಫ್‌ಗೆ ಒಂದು. ಫೀಡಿನ ಬಾಕಿ ಮುರಿದುಕೊಳ್ಳುವುದಕ್ಕೂ ಜಾಗ ಇದೆ. ಗಂಡುಕರುವಿಗೆ ಇಲ್ಲ. ಅದಕ್ಕೇ ಈ ಪತ್ರವನ್ನು ನಿನ್ನ ಹೆಸರಿಗೆ ಬರೆಯುತ್ತಿದ್ದೇನೆ. ಶಿವಮೊಗ್ಗ, ಭದ್ರಾವತಿಯಲ್ಲಿ ಬೆಳಗಾಗೆದ್ದು ಹಾಲು ಕಾಸುವವರೂ, ನಮ್ಮ ಹಾಗೆ ಒಂದೆರಡು ಹಸು ಕಟ್ಟಿಕೊಂಡು ಸಂಸಾರ ತೂಗಿಸುವವರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಗೌರಿ ಕರು ಹಾಕಿದ ಬೆಳಿಗ್ಗೆ ಕೊಟ್ಟಿಗೆಗೆ ಬಂದವರೆಲ್ಲ ಮೊದಲು ನೋಡಿದ್ದು ನಿನ್ನ ಬಾಲದ ಕೆಳಗೆ. ‘ಗಂಡಾ? ಹೋಗ್ಲಿ ಬಿಡಿ ಅಕ್ಕ, ಹಸು ಚೆನ್ನಾಗಿದೆಯಲ್ಲ’ ಅಂದರು. ನೀನು ಒದ್ದೆ ಮೈಯಲ್ಲಿ ಹಿಂಗಾಲೂರಿ ಏಳುತ್ತಿದ್ದೆ, ಮುಗ್ಗರಿಸುತ್ತಿದ್ದೆ, ಮತ್ತೆ ಏಳುತ್ತಿದ್ದೆ. ಗೌರಿ ನೆಕ್ಕಿ ನೆಕ್ಕಿ ನಿನ್ನ ಹಣೆಯ ಬಿಳಿ ಬೊಟ್ಟನ್ನು ಆಗಲೇ ಒಣಗಿಸಿದ್ದಳು. ಹೆಣ್ಣೋ ಗಂಡೋ ಎಂಬ ಲೆಕ್ಕ ಅವಳಿಗಿರಲಿಲ್ಲ.

ಗಿಣ್ಣು ಕೇಳಿಕೊಂಡು ಬಂದವರಿಗೆ ಅವತ್ತು ಕೊಡಲಿಲ್ಲ. ಹುಟ್ಟಿದ ಒಂದೆರಡು ಗಂಟೆಯೊಳಗೆ ಹೊಟ್ಟೆಗಿಳಿದ ಆ ಹಾಲಿನಿಂದಲೇ ಕರುವಿಗೆ ರೋಗ ತಡೆಯುವ ಶಕ್ತಿ ಬರಬೇಕು. ಒಂದು ದಿನ ಕಳೆದರೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಆಮೇಲೂ ತನ್ನ ತೂಕದ ಹತ್ತರಲ್ಲೊಂದು ಪಾಲು ಹಾಲು ಅದಕ್ಕೆ ದಿನವೂ ಬೇಕು. 25 ಕಿಲೋ ಕರುವಿಗೆ ಎರಡೂವರೆ ಲೀಟರ್. ಮೂರು ತಿಂಗಳು ಕುಡಿಸಿದರೆ 225 ಲೀಟರ್ ಡೈರಿಯ ಕ್ಯಾನಿಗೆ ಬೀಳುವುದಿಲ್ಲ. ಹೆಣ್ಣಾದರೆ ಅದು ನಾಳೆ ಬರುವ ಹಾಲಿಗೆ ಹಾಕಿದ ಬಂಡವಾಳ. ಗಂಡಾದರೆ ನಷ್ಟ ಎಂದು ಬರೆದುಕೊಳ್ಳುತ್ತಾರೆ. ಕತ್ತಿ ಹಿಡಿಯದೆ ಕರು ಸಾಯಿಸುವುದು ಹೇಗೆಂದು ನಮ್ಮ ಕಡೆ ಬಹಳ ಜನರಿಗೆ ಗೊತ್ತು. ದೂರದಲ್ಲಿ ಕಟ್ಟಬೇಕು, ಕೆಚ್ಚಲು ಬರಿದಾದ ಮೇಲೆ ಬಾಯಿ ಹಾಕಿಸಬೇಕು, ಭೇದಿ ಹತ್ತಿದರೆ ಸುಮ್ಮನಿರಬೇಕು, ಅಷ್ಟೆ. ಅದೇ ಕೊಟ್ಟಿಗೆಯ ಹೆಣ್ಣುಕರುವಿಗೆ ಭೇದಿಯಾದರೆ ಪಶು ಸಹಾಯವಾಣಿ 1962ಕ್ಕೆ ಫೋನು ಹೋಗುತ್ತದೆ.

ಹೀಗೆ ಮಾಡುವವರೆಲ್ಲ ಕಟುಕರು ಎಂದು ನಾನು ಹೇಳುವುದಿಲ್ಲ. ಅವರಲ್ಲಿ ನನಗೆ ಬೇಕಾದವರಿದ್ದಾರೆ. ಮಗಳ ಕಾಲೇಜು ಫೀಸು ಹಾಲಿನ ಬಟವಾಡೆಯಿಂದಲೇ ಹೊರಡಬೇಕಾದ ಮನೆಯಲ್ಲಿ ದಿನಕ್ಕೆ ಎರಡೂವರೆ ಲೀಟರ್ ಸಣ್ಣ ಮಾತಲ್ಲ. ಆದರೆ ಮನಸ್ಸು ಒಪ್ಪದೆ ಸಾಯಿಸಲಾರದವರು ಹಿಡಿಯುವ ಇನ್ನೊಂದು ದಾರಿಯೂ ನನಗೆ ಒಪ್ಪಿಗೆಯಿಲ್ಲ. ಅದು ಟೌನಿಗೆ ಬಿಟ್ಟು ಬರುವುದು. ಬಿ.ಎಚ್. ರಸ್ತೆಯ ಡಿವೈಡರಿಗೆ ಒರಗಿ ಮಲಗಿದ ಹೋರಿಗಳನ್ನು, ಪ್ಲಾಸ್ಟಿಕ್ ಕವರಿನ ಸಮೇತ ಎಲೆಕೋಸಿನ ಸಿಪ್ಪೆ ನುಂಗುವ ಹೋರಿಗಳನ್ನು ಜನ ಬೀಡಾಡಿ ದನ ಎಂದು ಬೈಯುತ್ತಾರೆ. ಬೀದಿಯಲ್ಲಿ ಯಾವ ಹಸುವೂ ತಾನಾಗಿ ಕರು ಬಿಟ್ಟು ಹೋಗಿಲ್ಲ. ಪ್ರತಿಯೊಂದರ ಹಿಂದೆ ಒಂದು ಕೊಟ್ಟಿಗೆ, ಒಂದು ಡೈರಿ ನಂಬರು, ಆ ಹಾಲಿನಲ್ಲಿ ಕಾಫಿ ಕುಡಿದ ಹತ್ತಾರು ಮನೆ ಇವೆ.

ಕಾನೂನು ನಿನ್ನ ಪರವಾಗಿಯೇ ಇದೆ. ಕರು ಕಡಿಯಬಾರದು ಎಂದು 1964ರ ಕಾಯ್ದೆಯೇ ಹೇಳಿತ್ತು. 12 ವರ್ಷ ದಾಟಿದ ಎತ್ತು, ಹೋರಿಗಳಿಗೆ ಅದರಲ್ಲಿ ವಿನಾಯಿತಿಯಿತ್ತು. 2020ರ ಕಾಯ್ದೆ ಅದನ್ನೂ ತೆಗೆದುಹಾಕಿ, ತಪ್ಪಿದರೆ 3ರಿಂದ 7 ವರ್ಷ ಜೈಲು ಎಂದು ಬರೆಯಿತು. ನಿನ್ನನ್ನು ಕಡಿಯಬಾರದು ಎಂಬುದು ನನ್ನ ಆಸೆಯೂ ಹೌದು. ಆದರೆ ಹುಲ್ಲು ಯಾರು ಹಾಕಬೇಕು ಎಂಬ ಪ್ರಶ್ನೆಯನ್ನು ಕಾಯ್ದೆ ನನ್ನ ಅಂಗಳದಲ್ಲಿ ಇಳಿಸಿ ಹೋಗಿದೆ. 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ಬಂತು, ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ರಾಸಿನ ಖರ್ಚು ಹೊರಬಹುದು ಎಂದರು. ಒಳ್ಳೆಯದೇ. ಗೋಶಾಲೆಗೆ ಹೋಗುವ ಮುಂಚೆ, ಹುಟ್ಟಿದ ಮನೆಯಲ್ಲೇ ಕರು ಉಳಿಯುವ ಹಾಗೆ ಆ ದುಡ್ಡು ಒದಗಿದ್ದರೆ ಇನ್ನೂ ಒಳ್ಳೆಯದಿತ್ತು.

ನಮ್ಮ ಅತ್ತೆಯ ಕಾಲದಲ್ಲಿ ಗಂಡುಕರು ಯಾರಿಗೂ ಭಾರವಾಗಿರಲಿಲ್ಲ. ಉಳುವುದಕ್ಕೆ ಬೇಕಿತ್ತು, ಗಾಡಿಗೆ ಬೇಕಿತ್ತು, ಮೇಯುವುದಕ್ಕೆ ಜಾಗವೂ ಇತ್ತು. ಈಗ ಉಳುಮೆ ಟಿಲ್ಲರಿನದು. ಗೋಮಾಳದ ಲೆಕ್ಕ ಮಾತ್ರ ಭೂಕಂದಾಯ ನಿಯಮದಲ್ಲಿ ಹಾಗೇ ಇದೆ: 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ಪಹಣಿಯಲ್ಲಿ ಗೋಮಾಳವಾಗಿರುವ ಜಾಗಕ್ಕೆ ಹೋಗಿ ನೋಡಿದರೆ ಅಡಿಕೆ ಸಸಿ ಎದ್ದಿರುತ್ತದೆ, ಇಲ್ಲವೇ ಸೈಟು ಬಿದ್ದಿರುತ್ತದೆ. ಗುಡ್ಡಗಳ ಕಥೆ ಬೇರೆ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಎಂಪಿಎಂ ಕಾಗದ ಕಾರ್ಖಾನೆಗೆಂದು ಜಿಲ್ಲೆಯ ಸಾವಿರಾರು ಎಕರೆಯಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟರು. ಅಕೇಶಿಯಾ ಎಲೆಗೆ ದನ ಬಾಯಿ ಹಾಕುವುದಿಲ್ಲ, ಅದರ ಬುಡದಲ್ಲಿ ಹುಲ್ಲೂ ಸರಿಯಾಗಿ ಏಳುವುದಿಲ್ಲ. ಕಾರ್ಖಾನೆ ನಿಂತು ವರ್ಷಗಳಾದವು, ನೆಡುತೋಪು ನಿಂತೇ ಇದೆ. ಉಳಿದದ್ದು ಗದ್ದೆಯ ಹುಲ್ಲು. ಭದ್ರಾ ನಾಲೆಯ ಬಯಲಿನಲ್ಲಿ ಭತ್ತದ ಗದ್ದೆಗಳು ಒಂದೊಂದಾಗಿ ತೋಟವಾಗುತ್ತಿವೆ. ಉಳಿದ ಗದ್ದೆಯಲ್ಲಿ ಕಟಾವಿಗೆ ಮೆಷಿನ್ ಇಳಿದರೆ ಹುಲ್ಲು ಪುಡಿಯಾಗಿ ಕೆಸರಿಗೆ ಬೀಳುತ್ತದೆ. ನಮ್ಮ ಅರ್ಧ ಎಕರೆ ಗದ್ದೆಯನ್ನು ಇವತ್ತಿಗೂ ಕುಡುಗೋಲಿನಲ್ಲಿ ಕೊಯ್ಸುವುದು, ಕೂಲಿ ದುಬಾರಿಯಾದರೂ, ನಿನ್ನ ಬಣವೆಗಾಗಿ.

ನನಗೆ ಅರ್ಥವೇ ಆಗದ ಸಂಗತಿ ಗೊಬ್ಬರದ್ದು. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋ ಕಾಂಪೋಸ್ಟು, 12 ಕಿಲೋ ಹಸಿರುಸೊಪ್ಪು ಕೊಡಬೇಕು ಎನ್ನುವುದು ವಿಜ್ಞಾನಿಗಳ ಶಿಫಾರಸು. ಎಕರೆಗೆ ಸುಮಾರು 550 ಮರ ಹಿಡಿದರೂ ಆರೂವರೆ ಟನ್ನಿಗಿಂತ ಹೆಚ್ಚು ಗೊಬ್ಬರ ಬೇಕು. ಬೆಳೆದ ಹೋರಿ ದಿನಕ್ಕೆ ಹತ್ತು ಕಿಲೋ ಸಗಣಿ ಹಾಕಿದರೂ ವರ್ಷಕ್ಕೆ ಮೂರೂವರೆ ಟನ್ ದಾಟುತ್ತದೆ. ಅದರ ಜೊತೆ ಗಂಜಲ, ಕೊಟ್ಟಿಗೆಗೆ ಹಾಸಿದ ದರಕು, ನೀನು ಮೂಸಿ ಬಿಟ್ಟ ಹುಲ್ಲು ಎಲ್ಲ ಸೇರಿ ಗುಂಡಿಯಲ್ಲಿ ಕಳಿತು ಕಪ್ಪಾಗುತ್ತದೆ. ಇತ್ತ ಗಂಡುಕರುವನ್ನು ಟೌನಿಗೆ ಸಾಗಿಸಿ, ಅತ್ತ ಬಯಲುಸೀಮೆಯಿಂದ ಲೋಡುಗಟ್ಟಲೆ ಕುರಿಗೊಬ್ಬರ ಇಳಿಸಿಕೊಳ್ಳುವುದು ಯಾವ ಬೇಸಾಯ? ತೀರ್ಥಹಳ್ಳಿಯ ಪುರುಷೋತ್ತಮ ರಾಯರು ಕೃಷಿ ಪ್ರಯೋಗ ಪರಿವಾರ ಕಟ್ಟಿ ಸಾವಯವದ ಪಾಠ ಹೇಳಿದ ಜಿಲ್ಲೆ ನಮ್ಮದು. ನವಿಲೆಯಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಗಂಡು ರಾಸು ಹಾಲು ಕೊಡುವುದಿಲ್ಲ ಎಂದ ಮಾತ್ರಕ್ಕೆ ಏನೂ ಕೊಡುವುದಿಲ್ಲ ಎನ್ನುವವರು ಒಮ್ಮೆ ನಮ್ಮ ಗೊಬ್ಬರಗುಂಡಿಗೆ ಗುದ್ದಲಿ ಹಾಕಿ ನೋಡಲಿ.

ಲಿಂಗ ನಿರ್ಧರಿತ ವೀರ್ಯದ ಕಡ್ಡಿ ಬಂದಿದೆ, ನೂರಕ್ಕೆ ತೊಂಬತ್ತರಷ್ಟು ಹೆಣ್ಣುಕರುವೇ ಹುಟ್ಟುತ್ತದೆ ಎನ್ನುತ್ತಾರೆ. ಎಚ್‌ಎಫ್ ಮಿಶ್ರತಳಿ ಸಾಕುವವರು ಅದನ್ನು ಬಳಸಿದರೆ ನಾನು ಬೇಡ ಅನ್ನುವುದಿಲ್ಲ. ಹುಟ್ಟಿಸಿ ಉಪವಾಸ ಕೊಲ್ಲುವುದಕ್ಕಿಂತ ಹುಟ್ಟಿಸದಿರುವುದು ಮೇಲು. ಜರ್ಮನಿಯಲ್ಲಿ ಮೊಟ್ಟೆ ಕೋಳಿಯ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುವುದನ್ನು 2022ರಿಂದ ನಿಷೇಧಿಸಿದರು. ಅಷ್ಟು ದೊಡ್ಡ ಉದ್ಯಮವೇ ತನ್ನ ಪದ್ಧತಿ ಬದಲಿಸಿಕೊಳ್ಳಬಹುದಾದರೆ ಎರಡು ಹಸುವಿನ ನಮಗೆ ಏಕೆ ಆಗಬಾರದು? ನಮ್ಮ ಮನೆಯಲ್ಲಿ ಆಗಿರುವ ತೀರ್ಮಾನ ಬೇರೆ. ಗೌರಿಯ ನಂತರ ಮಿಶ್ರತಳಿ ಕಟ್ಟುವುದಿಲ್ಲ, ಮಲೆನಾಡು ಗಿಡ್ಡ ಸಾಕುತ್ತೇವೆ. 2012ರಲ್ಲಿ ಅಧಿಕೃತ ತಳಿ ಎಂದು ಮಾನ್ಯತೆ ಸಿಗುವವರೆಗೆ ಊರದನ ಎಂದು ಕಡೆಗಣಿಸಿದ್ದ ಜಾತಿ ಅದು. ಹಾಲು ಎರಡು ಲೀಟರು ದಾಟಿದರೆ ಹೆಚ್ಚು. ಕರು ಬಾಯಿ ಹಾಕದೆ ಹಾಲಿಳಿಸುವುದೂ ಇಲ್ಲ, ಹಾಗಾಗಿ ಕರುವನ್ನು ದೂರ ಕಟ್ಟುವ ಮಾತೇ ಬರುವುದಿಲ್ಲ. ಮಳೆಗೆ, ಜಾರುವ ಗುಡ್ಡಕ್ಕೆ ಹೇಳಿ ಮಾಡಿಸಿದ ಗೊರಸು, ಸಣ್ಣ ಹೊಟ್ಟೆ. ಆದಾಯ ಇಳಿಯುತ್ತದೆ, ಫೀಡಿನ ಬಿಲ್ಲೂ ಇಳಿಯುತ್ತದೆ. ಹುಟ್ಟಿದ್ದೆಲ್ಲವನ್ನೂ ಸಾಕಲು ಆಗುವಷ್ಟೇ ಹಸು ಕಟ್ಟಬೇಕು ಎಂಬುದು ನಾವಿಟ್ಟುಕೊಂಡಿರುವ ಮಿತಿ.

ಇನ್ನು ದೊಡ್ಡವರಲ್ಲಿ ನಿನ್ನ ಪರವಾಗಿ ನನ್ನ ಅಹವಾಲು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿತು. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಇದೆ. ಎರಡೂ ಹಾಲಿನ ಮೇಲೆ. ಮಾಚೇನಹಳ್ಳಿ ಡೈರಿಗೆ ಹಾಲು ಹಾಕುವ ಮನೆಗಳಲ್ಲಿ, ಗಂಡುಕರುವನ್ನು ವರ್ಷ ತುಂಬುವವರೆಗೆ ಸಾಕಿದವರಿಗೆ, ಕಿವಿಯ ಓಲೆಯ ನಂಬರು ನೋಡಿ, ಲೀಟರಿನ ಲೆಕ್ಕದಾಚೆ ಒಂದಿಷ್ಟು ಕೊಡಿ. ಅದಕ್ಕಾಗಿ ಪ್ಯಾಕೆಟ್ಟಿಗೆ ಕೆಲವು ಪೈಸೆ ಹೆಚ್ಚಾದರೆ ವಿನೋಬನಗರದ, ನ್ಯೂಟೌನಿನ ಗೃಹಿಣಿಯರು ಕಾರಣ ತಿಳಿದರೆ ಬೇಡ ಅನ್ನಲಾರರು. ಪಂಚಾಯಿತಿಯವರು ಗೋಮಾಳ ಅಳೆಸಿ ಬೇಲಿ ಹಾಕಿಸಲಿ. ತೋಟದವರೇ, ಲೋಡು ಗೊಬ್ಬರಕ್ಕೆ ಅಡ್ವಾನ್ಸ್ ಕೊಡುವ ಮುಂಚೆ ನಿಮ್ಮೂರಿನ ಕೊಟ್ಟಿಗೆಗಳಲ್ಲಿ ಕರು ಇದೆಯೇ ಎಂದು ಒಂದು ಮಾತು ಕೇಳಿ.

ನಿನಗೆ ಒಂದು ಜೊತೆ ಹುಡುಕುತ್ತಿದ್ದೇವೆ. ಪಕ್ಕದ ಮನೆಯವರ ಗಂಡುಕರುವನ್ನು ಕೇಳಿದ್ದೇವೆ, ಯೋಚಿಸುತ್ತೇವೆ ಅಂದಿದ್ದಾರೆ. ಎರಡು ವರ್ಷ ತುಂಬಿದ ಮೇಲೆ ಇಬ್ಬರಿಗೂ ನೊಗ ರೂಢಿ ಮಾಡಿಸುವುದು. ಉಳುವುದಕ್ಕಲ್ಲ, ತೋಟಕ್ಕೆ ಗೊಬ್ಬರ, ತೋಟದಿಂದ ಅಡಿಕೆಗೊನೆ ಎಳೆಯುವ ಸಣ್ಣ ಗಾಡಿಗೆ. ಮಿಶ್ರತಳಿಯವನಾದ ನಿನಗೆ ಬಿಸಿಲು ತಡೆಯುವುದಿಲ್ಲ. ಬೆಳಿಗ್ಗೆ ಹತ್ತರೊಳಗೆ ಕಣ್ಣಿ ಬಿಚ್ಚಿ ನೆರಳಿಗೆ ಕಟ್ಟಬೇಕು ಎಂದು ಯಜಮಾನರಿಗೆ ಈಗಲೇ ಹೇಳಿಟ್ಟಿದ್ದೇನೆ.

ಇತಿ,
ನಿನ್ನ ಮನೆಯವಳು
ಭದ್ರಾ ನಾಲೆಯ ಬಯಲು, ಭದ್ರಾವತಿ ತಾಲ್ಲೂಕು